ಫೋಟೋದವ್ವ ಮತ್ತು ನಮ್ಮ ಮನೆಯ ಬೆಳಕಿಂಡಿ

ಫೋಟೋದವ್ವ ತೀರಿಕೊಂಡಳೆಂಬ ಸುದ್ದಿಯನ್ನು ಹೋದ ರವಿವಾರ ಅಪ್ಪ ತಂದ. ಅಂಗಡಿಯ ಬಾಗಿಲು ಹಾಕಿ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಾ ಹೇಳಿದ. ಕಿನ್ನಾಳದಿಂದ ಸಂತೆಗೆ ಬಂದ ಯಾರೋ ಅಂದರಂತೆ. ಯಾವತ್ತು, ಯಾವ ಬೇನೆ, ಹತ್ತಿರ ಯಾರಿದ್ದರು ಎಂದು ಕೇಳಿದೆ. “ಎಲ್ಲಾದಕ್ಕೂ ತಾರೀಖು ಕೇಳಿದ್ರ ನಾ ಎಲ್ಲಿಂದ ತರ್ಲಿ?” ಎಂದು ಗದರಿದ. ಆಮೇಲೆ ಪಂಚೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಕೋಣೆಗೆ ಹೋಗಿ, ಬೆಳಕಿಂಡಿಯ ಕೆಳಗೆ ತಲೆ ಎತ್ತಿ ಬಹಳ ಹೊತ್ತು ನಿಂತಿದ್ದ.

ನನಗೆ ದಿನಚರಿ ಬರೆಯುವ ರೂಢಿ. ತಾರೀಖು, ವಾರ, ಮಳೆ ಬಂತೋ ಇಲ್ಲವೋ, ಮನೆಗೆ ಬಂದವರು ಯಾರು, ಅಕ್ಕ ಇದ್ದ ದಿನಗಳಲ್ಲಿ ಅವಳ ಜ್ವರ ಎಷ್ಟು. ಇಷ್ಟು ಬರೆಯದೆ ಮಲಗಿದವಳಲ್ಲ. ಈ ವಾರ ಅಕ್ಕನ ಕೊನೆಯ ವರ್ಷದ ಪುಟಗಳನ್ನು ತೆಗೆದು ನೋಡಿದೆ. ಫೋಟೋದವ್ವ ನಮ್ಮ ಮನೆಗೆ ಬಂದ ದಿನಗಳೆಲ್ಲ ಇವೆ. ಆಕೆ ಹೇಗಿದ್ದಳು ಎಂಬುದು ಒಂದು ಕಡೆಯೂ ಇಲ್ಲ. ಹೆಸರೂ ಇಲ್ಲ. ಕೊಪ್ಪಳದ ಎಲ್ಲರಂತೆ ನಾನೂ ‘ಫೋಟೋದವ್ವ’ ಎಂದೇ ಬರೆದಿಟ್ಟಿದ್ದೇನೆ.

ಗಿಡ್ಡ ಆಳು. ಎಡಗಡೆಯ ಹುಬ್ಬು ಅರ್ಧವೇ ಇತ್ತು, ಉಳಿದರ್ಧ ಸುಟ್ಟುಹೋಗಿತ್ತು. ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಿದ್ದಳು, ಆಮೇಲೆ ಮನೆಯವರ ಮುಖ. “ಏನವ್ವಾ, ಜಂತಿ ಎಣಿಸ್ತೀಯೇನು?” ಎಂದು ಹೆಂಗಸರು ನಗುತ್ತಿದ್ದರು. “ಬೆಳಕು ಎಲ್ಲಿಂದ ಇಳಿತೈತಿ ನೋಡಾಕತ್ತೀನ್ರಿ. ನಿಮ್ಮ ಮಾರಿ ಎಲ್ಲಿ ಓಡಿಹೋಗತೈತಿ?” ಎನ್ನುತ್ತಿದ್ದಳು.

ಕಿನ್ನಾಳದ ಚಿತ್ರಗಾರರ ಮನೆಯ ಮಗಳು ಆಕೆ. ತವರಿನಲ್ಲಿ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಚ್ಚುವಾಗ ಕಣ್ಣು ಬರೆಯುವ ಕೆಲಸ ಆಕೆಯದಾಗಿತ್ತಂತೆ. ಗಂಡ ಕೊಪ್ಪಳದಲ್ಲಿ ಫೋಟೋ ತೆಗೆಯುತ್ತಿದ್ದ. ಕತ್ತಲ ಕೋಣೆಯಲ್ಲಿ ಫೋಟೋ ತೆಗೆಯಬೇಕಾದರೆ ಆಗ ಒಂದು ಬೂದುಬಣ್ಣದ ಪುಡಿ ಬರುತ್ತಿತ್ತು; ಬೆಂಕಿ ತಾಗಿದರೆ ಮಿಂಚಿನ ಹಾಗೆ ಫಳ್ ಎಂದು ಉರಿದು ಆರುತ್ತಿತ್ತು. ಒಮ್ಮೆ ಆ ಪುಡಿ ಬೆರೆಸುವಾಗ ಅದು ಅವನ ಮುಖಕ್ಕೇ ಹೊತ್ತಿಕೊಂಡಿತು. ಎರಡು ಕಣ್ಣೂ ಹೋದವು. ಆರಿಸಲು ಹೋದ ಈಕೆಗೆ ಹುಬ್ಬು ಮತ್ತು ಉಗುರು ಹೋದವು. ಗಾಯ ಮಾಯುವ ಮೊದಲೇ ಆಕೆ ಕ್ಯಾಮೆರಾ ಎತ್ತಿಕೊಂಡಳು.

ಗಂಡಸರ ಫೋಟೋ ತೆಗೆಯುವವರು ಬೇರೆ ಇದ್ದರು. ಅಂಗಳದಲ್ಲಿ, ಬಿಸಿಲಲ್ಲಿ, ಕುರ್ಚಿ ಹಾಕಿ ತೆಗೆಯುತ್ತಿದ್ದರು. ಫೋಟೋದವ್ವನನ್ನು ಕರೆಯುತ್ತಿದ್ದವರು ಹೊರಗೆ ಬರದ ಹೆಂಗಸರು. ದೊಡ್ಡ ವಾಡೆಗಳ ಗೋಷಾದವರು, ಬಾಣಂತಿಯರು, ಹಾಸಿಗೆ ಹಿಡಿದವರು. ಹಾಗಾಗಿ ಪುಡಿ ಇಲ್ಲದೆ ಆಕೆಗೆ ಕೆಲಸವಿರಲಿಲ್ಲ, ಪುಡಿಯನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. “ಪುಡಿ ಇದ್ದಲ್ಲಿ ಮನಷ್ಯಾರು ಇರಬಾರ್ದು” ಎಂದು ತಾನೇ ಒಂದು ಕಟ್ಟು ಮಾಡಿಕೊಂಡಿದ್ದಳು. ಪುಡಿಯ ತಟ್ಟೆಯನ್ನು ಮಾಳಿಗೆಯ ಮೇಲೆ, ಬೆಳಕಿಂಡಿಯ ಬಾಯಲ್ಲಿ ಇಡುತ್ತಿದ್ದಳು. ಹೊಗೆ ಆಕಾಶಕ್ಕೆ ಹೋಗಬೇಕು, ಬೆಳಕು ಕೆಳಗೆ ಇಳಿಯಬೇಕು. ಕಿಂಡಿಯ ಕೆಳಗೆ ಒಂದು ಬಿಳಿ ಪಂಚೆ ಅಗಲಿಸಿ ಕಟ್ಟುತ್ತಿದ್ದಳು. ಕಿಡಿ ಬಿದ್ದರೆ ಅದರಲ್ಲಿ ಬೀಳಲಿ, ಬೆಳಕು ಅದರಲ್ಲಿ ಸೋಸಿ ಮೆತ್ತಗಾಗಲಿ ಎಂದು.

ದೂರದಿಂದ ಪುಡಿಗೆ ಬೆಂಕಿ ಮುಟ್ಟಿಸುವ ಯಂತ್ರ ದೊಡ್ಡ ಊರುಗಳಲ್ಲಿ ಸಿಗುತ್ತಿತ್ತಂತೆ, ಆಕೆಗೆ ಅದು ಕೈಗೆ ಎಟುಕುವಂಥದ್ದಲ್ಲ. ಟಾರ್ಚಿನ ಬಲ್ಬಿನ ತುದಿಯನ್ನು ಕಲ್ಲಿಗೆ ತಿಕ್ಕಿ ಗಾಜನ್ನಷ್ಟೇ ಒಡೆಯುತ್ತಿದ್ದಳು. ಒಳಗಿನ ಕೂದಲಿನಂಥ ತಂತಿ ಮುರಿಯಬಾರದು. ಆ ತಂತಿಯನ್ನು ಪುಡಿಯಲ್ಲಿ ಹುಗಿದು, ಅಲ್ಲಿಂದ ಎರಡು ಉದ್ದನೆಯ ತಂತಿಗಳನ್ನು ಹಳೆ ಸೀರೆಯ ಚಿಂದಿ ಸುತ್ತಿ ಕೆಳಗೆ ಬಿಡುತ್ತಿದ್ದಳು. ಕೆಳಗೆ ಆಕೆಯ ಮುಷ್ಟಿಯಲ್ಲಿ ಟಾರ್ಚಿನ ಶೆಲ್ಲುಗಳು. ತಂತಿ ಶೆಲ್ಲಿಗೆ ಮುಟ್ಟಿತೆಂದರೆ ಮೇಲೆ ಮಿಂಚು. ಶೆಲ್ಲುಗಳೂ ಬೇರೆಯವರು ಬಿಸಾಡಿದವು. ಬಿಸಿಲಿಗಿಟ್ಟು ಜೀವ ತುಂಬುತ್ತಿದ್ದಳು. “ಸತ್ತಾವು ಅಂತ ಒಗೀತಾರ್ರಿ. ಕಡೀ ಉಸಿರು ಒಂದು ಇರತೈತಿ ಅದರಾಗ. ನನಗ ಅಷ್ಟ ಸಾಕು” ಎನ್ನುತ್ತಿದ್ದಳು.

ಯಲಬುರ್ಗಾದ ಒಂದು ವಾಡೆಯ ಕಥೆಯನ್ನು ಆಕೆಯೇ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ್ದಳು. ಸಾಮಾನು ಹೊರಲು ಗಂಡನನ್ನು ಕರೆದುಕೊಂಡು ಹೋಗಿದ್ದಳಂತೆ. ಅವನಿಗೆ ನಿಜಕ್ಕೂ ಕಣ್ಣಿಲ್ಲವೋ, ಇಲ್ಲ ಗೋಷಾದ ಮನೆಯೊಳಗೆ ಬರಲು ನಾಟಕವೋ ಎಂದು ಯಜಮಾನಿತಿಗೆ ಅನುಮಾನ. ಒಬ್ಬಳನ್ನು ಸದ್ದಿಲ್ಲದೆ ಕಳಿಸಿ ಅವನ ಮುಖದ ಮುಂದೆ ಲಾಡು ಹಿಡಿಸಿದಳು. ಅವನು ಅಲುಗದೆ ಕೂತಿದ್ದು ಸ್ವಲ್ಪ ಹೊತ್ತಿನ ಮೇಲೆ, “ತುಪ್ಪ ಛಲೋ ಐತ್ರಿ. ಹಿಡಕೊಂಡು ಕೈ ಸೋತಿರಬೇಕು, ಕೊಟ್ಟಬಿಡ್ರಿ” ಎಂದನಂತೆ. ಇದನ್ನು ಹೇಳುವಾಗ ಫೋಟೋದವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆಕೆ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಆ ಒಂದು ಸಲ.

ಆಕೆ ನಮ್ಮ ಮನೆಗೆ ಬಂದದ್ದು ಯುದ್ಧದ ದಿನಗಳಲ್ಲಿ, ಅಕ್ಕನ ಸಲುವಾಗಿ.

ಅಕ್ಕನನ್ನು ಕುಷ್ಟಗಿಗೆ ಕೊಟ್ಟಿದ್ದರು. ಮಗ ಬಸುಗೆ ಎರಡು ವರ್ಷವಾಗುವ ಹೊತ್ತಿಗೆ ಅವಳಿಗೆ ಕ್ಷಯ ಎಂದು ಗೊತ್ತಾಯಿತು. ಮಗುವನ್ನು ಅಲ್ಲೇ ಇಟ್ಟುಕೊಂಡು ಅವಳನ್ನಷ್ಟೇ ತವರಿಗೆ ಕಳಿಸಿದರು. ಡಾಕ್ಟರೂ ಮಗುವನ್ನು ಹತ್ತಿರ ಬಿಡಬೇಡಿ ಎಂದಿದ್ದರಿಂದ ಯಾರ ಮೇಲೂ ಸಿಟ್ಟಾಗುವಂತಿರಲಿಲ್ಲ. ದಿಂಬಿಗೆ ಒರಗಿಸಿದರೆ ಅಕ್ಕ ಹೇಗೋ ತಡೆಯುತ್ತಿದ್ದಳು. ಹೊರಗಿನ ಗಾಳಿಗೆಂದು ಒಮ್ಮೆ ಎತ್ತಿಕೊಂಡು ಅಂಗಳಕ್ಕೆ ತಂದಾಗ ಬಾಯಿಂದ ರಕ್ತ ಬಂತು. ಇನ್ನು ಅವಳನ್ನು ಕೋಣೆಯಿಂದ ಕದಲಿಸಬಾರದೆಂದು ಡಾಕ್ಟರು ಹೇಳಿದರು. ಆ ಕೋಣೆಗೆ ಕಿಟಕಿಯಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಮಳೆಗೆ ಅದನ್ನು ಮುಚ್ಚಲು ಒಂದು ತಗಡಿನ ಮುಚ್ಚಳ, ಅಷ್ಟೇ.

ಒಂದು ದಿನ ಅಕ್ಕ ನನ್ನನ್ನು ಕರೆದು ಹೇಳಿದಳು: “ನಂದೊಂದು ಫೋಟೋ ತಗಸ. ನಾ ಹ್ವಾದ ಮ್ಯಾಲ ಅಂವ ಯಾರನ್ನರ ಅವ್ವ ಅಂತಾನ. ಅನ್ಲಿ, ಅನ್ನಬೇಕು. ಆದ್ರ ನನ್ನ ಮಾರಿ ಅವಗ ಗೊತ್ತಿರಬೇಕು. ಇವ್ರು ಯಾರು ಅಂತ ಅಂವ ಕೇಳಬಾರ್ದು.”

ಅವಳದೊಂದು ಫೋಟೋ ಅದುವರೆಗೆ ಯಾರ ಬಳಿಯೂ ಇರಲಿಲ್ಲ. ಲಗ್ನದಲ್ಲೂ ತೆಗೆಸಿರಲಿಲ್ಲ.

ಫೋಟೋದವ್ವ ಬಂದು ಎಂದಿನಂತೆ ಮೊದಲು ಮೇಲೆ ನೋಡಿದಳು. ಆಮೇಲೆ ಅಕ್ಕನ ಹಾಸಿಗೆಯ ಅಂಚಿಗೇ ಕೂತಳು. ಆ ದಿನಗಳಲ್ಲಿ ಬಂದವರೆಲ್ಲ ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು.

“ಪುಡಿ ಒಂದ ಸಲಕ್ಕಾಗೋವಷ್ಟ ಉಳದೈತವ್ವಾ. ಲಡಾಯಿ ಸಂಬಂಧ ಎಲ್ಲೂ ಬರವಲ್ದು. ಇದನ್ನ ಯಾರಿಗೆ ಹಚ್ಚಲಿ ಅಂತ ಇಟಗೊಂಡು ಕುಂತಿದ್ದೆ” ಎಂದಳು.

“ನನಗ ಹಚ್ಚಿ ಕಳೀತೀರೇನು?” ಎಂದಳು ಅಕ್ಕ.

“ಕಳಿಯೂದಿಲ್ಲ. ಹಚ್ತೀನಿ.”

ಬಾಗಿಲಲ್ಲಿದ್ದ ಆಯಿ, ಎಂದರೆ ಅಪ್ಪನ ತಾಯಿ, ಸುಮ್ಮನಿರಲಿಲ್ಲ. “ಮದ್ದು ತಂದು ನನ್ನ ಮಾಳಗಿ ಮ್ಯಾಲ ಇಡ್ತಾಳಂತ. ಮನಿ ಸುಟ್ಟು ಫೋಟೋ ತಗೀತೀಯೇನ ಯವ್ವಾ?”

“ನಿಮ್ಮ ಮನಿ ಸುಡಾಕ ನನ್ನ ಹತ್ರ ಅಷ್ಟು ಪುಡಿ ಇಲ್ರಿ ಆಯಿ” ಎಂದಳು ಫೋಟೋದವ್ವ.

ಶ್ರಾವಣದ ಒಂದು ಮಧ್ಯಾಹ್ನ ಗೊತ್ತುಮಾಡಿದೆವು. ಅವ್ವ ಅಕ್ಕನಿಗೆ ತಲೆ ಬಾಚಿ, ಹಸಿರು ಇಳಕಲ್ ಸೀರೆ ಉಡಿಸಿ, ದಿಂಬಿಗೆ ಒರಗಿಸಿದಳು. ಫೋಟೋದವ್ವ ಮಾಳಿಗೆಯ ಮೇಲೆ ತಟ್ಟೆ ಇಟ್ಟು ಬಂದಳು, ಕೆಳಗೆ ಪಂಚೆ ಕಟ್ಟಿದಳು, ತಂತಿ ಇಳಿಬಿಟ್ಟಳು. ಬಾಗಿಲು ಹಾಕಿದೆವು. ಮೇಲೆ ಮೋಡ ಕವಿದಿತ್ತು. ಪಂಚೆಯ ಹಿಂದೆ ಕಿಂಡಿ ತೆರೆದಿದೆಯೋ ಮುಚ್ಚಿದೆಯೋ ತಿಳಿಯದಷ್ಟು ಕತ್ತಲಿತ್ತು. ಅಕ್ಕನಿಗೆ ಕೆಮ್ಮು ಬಂತು. ಅದು ನಿಲ್ಲಲೆಂದು ಕಾದೆವು. ಗುಡುಗಿತು. ಮತ್ತೆ ಕೆಮ್ಮು, ಮತ್ತೆ ಕಾದೆವು. ಕೊನೆಗೊಮ್ಮೆ ಅಕ್ಕ ಸುಮ್ಮನಾಗಿ ಕಣ್ಣೆತ್ತಿದಳು. ಫೋಟೋದವ್ವ ಕ್ಯಾಮೆರಾದ ಗಾಜಿನ ಮೇಲಿನ ಟೊಪ್ಪಿಗೆ ತೆಗೆದು ತಂತಿ ಮುಟ್ಟಿಸಿದಳು.

ಮೇಲೆ ‘ಧಪ್’ ಎಂದು ಸದ್ದಾಯಿತು. ಕೋಣೆಯಲ್ಲಿ ಬೆಳಕು ಬೀಳಲಿಲ್ಲ.

ಇನ್ನೊಮ್ಮೆ ಮುಟ್ಟಿಸಿದಳು. ಏನೂ ಇಲ್ಲ. ಟೊಪ್ಪಿಗೆ ಹಾಕಿ ಬಾಗಿಲು ತೆರೆದು ಓಡಿದಳು. ನಾನೂ ಏಣಿ ಹತ್ತಿದೆ. ಬೆಳಕಿಂಡಿಯ ಮೇಲೆ ತಗಡಿನ ಮುಚ್ಚಳ ಕೂತಿತ್ತು. ಅದರ ಪಕ್ಕದಲ್ಲಿ, ಸುಟ್ಟು ಕರಿದಾದ ಒಂದು ಮೊರ ಇನ್ನೂ ಹೊಗೆಯಾಡುತ್ತಿತ್ತು. ಮೊರದ ಕೆಳಗೆ ಬರಿದಾದ ತಟ್ಟೆ.

ನಡೆದದ್ದು ಇಷ್ಟೇ. ಗುಡುಗು ಕೇಳಿದ ಆಯಿ ಮಾಳಿಗೆ ಹತ್ತಿದ್ದಳು. ಗುಡುಗಿದರೆ ಹತ್ತಿ ಬೆಳಕಿಂಡಿ ಮುಚ್ಚುವುದು ಅವಳು ಸೊಸೆಯಾಗಿ ಬಂದ ದಿನದಿಂದ ಮಾಡಿದ ಕೆಲಸ. ಕಾಲುಗಳೇ ಏಣಿಯ ಕಡೆ ಹೋಗುತ್ತಿದ್ದವು. ಪುಡಿಯನ್ನು ಕಂಡಾಗ ಅವಳಿಗೆ ಎಲ್ಲ ನೆನಪಾಗಿತ್ತು. ಅದಕ್ಕೇ ತಟ್ಟೆಯನ್ನು ತಂತಿ ಸಮೇತ ಜೋಪಾನವಾಗಿ ಪಕ್ಕಕ್ಕೆ ಸರಿಸಿ, ಹನಿ ಬಿದ್ದರೆ ಕೆಡುತ್ತದೆಂದು ಸಂಡಿಗೆಗೆ ಮುಚ್ಚುವಂತೆ ಮೊರ ಮುಚ್ಚಿ, ಕೋಣೆಯಲ್ಲಿ ಅಕ್ಕ ತೊಯ್ಯಬಾರದೆಂದು ಕಿಂಡಿಯನ್ನೂ ಮುಚ್ಚಿ ಇಳಿದಿದ್ದಳು. ಮಳೆ ಮಾತ್ರ ಬರಲಿಲ್ಲ.

“ನಾ ಕೆಡಬಾರ್ದು ಅಂತ ಮುಚ್ಚಿದ್ನವ್ವಾ” ಎಂದು ಆಯಿ ಅಂಗಳದಲ್ಲಿ ನಿಂತು ಮೂರು ಜನರಿಗೂ ಬೇರೆ ಬೇರೆಯಾಗಿ ಹೇಳಿದಳು.

ಫೋಟೋದವ್ವ ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಯಿಯನ್ನು ಬೈಯುತ್ತಾಳೆಂದು ನಾನು ಕಾದೆ. “ಮೊರಾ ಹೊಸಾದೇನ್ರಿ ಆಯಿ?” ಎಂದು ಕೇಳಿದಳು.

“ಹಳೇದವ್ವಾ.”

“ಹಂಗಾರ ಬಿಡ್ರಿ” ಎಂದಳು. ಎದ್ದು ಸೆರಗು ಮುಖಕ್ಕೆ ಅಡ್ಡ ಹಿಡಿದು ಬಾಗಿಲು ದಾಟಿದಳು. ಆಕೆಯ ಕ್ಯಾಮೆರಾ ನಮ್ಮ ಮನೆಯಲ್ಲೇ ಉಳಿಯಿತು.

ಆ ನಂತರದ ದಿನಗಳ ಪುಟಗಳನ್ನು ಓದಲು ನನಗೆ ಈಗಲೂ ಕಷ್ಟ. ಫೋಟೋದವ್ವ ಪುಡಿ ಹುಡುಕಿಕೊಂಡು ಗಂಗಾವತಿಗೆ ಹೋದಳು. ಅಲ್ಲಿ ಟೆಂಟಿನ ಸಿನಿಮಾದವನ ಬಳಿ ಇದೆಯೆಂದು ಯಾರೋ ಹೇಳಿದ್ದರು. ಟೆಂಟೇ ಎತ್ತಿ ಹೋಗಿತ್ತು. ಜಾತ್ರೆಗಳಲ್ಲಿ ಮದ್ದು ಸುಡುವವರ ಮನೆಗಳಿಗೆ ಅಲೆದು ಏನೋ ಬಿಳಿ ಪುಡಿ ತಂದು ನಮ್ಮ ಹಿತ್ತಿಲಲ್ಲಿ ಹೊತ್ತಿಸಿ ನೋಡಿದಳು. ಬರೀ ಹೊಗೆ ಬಂತು. ಹೊಗೆ ಒಳಗೆ ಹೋಗಿ ಅಕ್ಕ ಸಂಜೆಯವರೆಗೆ ಕೆಮ್ಮಿದಳು. ಅಷ್ಟರಲ್ಲಿ ಕುಷ್ಟಗಿಯಿಂದ ಮಾತು ಬಂತು: ಭಾವನಿಗೆ ಎರಡನೆಯ ಹೆಣ್ಣು ನೋಡುತ್ತಿದ್ದಾರೆ. ನಾವು ಹೇಳಲಿಲ್ಲ. ಅಕ್ಕನಿಗೆ ಹೇಗೋ ತಿಳಿಯಿತು. ಗಂಜಿ ಮುಟ್ಟುವುದನ್ನು ಬಿಟ್ಟಳು. ಫೋಟೋದ ಮಾತನ್ನೂ ಬಿಟ್ಟಳು. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

“ಇನ್ನ ಕುಂಡ್ರಾಕ ಆಗೂದಿಲ್ಲ ಆಕಿಗೆ. ಬ್ಯಾಡ ಬಿಡ್ರಿ” ಎಂದು ಅವ್ವ ಬಾಗಿಲಲ್ಲೇ ಫೋಟೋದವ್ವನಿಗೆ ಹೇಳಿದಳು.

“ನಾ ಹಿಡಕೊಂಡು ಕುಂಡ್ರತೀನಿ” ಎಂದು ಆಕೆ ಹೊರಟುಹೋದಳು.

ಮರುದಿನ ಬೆಳಿಗ್ಗೆ ಆಕೆ ಬಂದದ್ದು ನಮ್ಮ ಓಣಿಯೆಲ್ಲ ನೋಡಿತು. ಮುಂದೆ ಆಕೆ, ಹಿಂದೆ ಆಕೆಯ ಸೆರಗಿನ ತುದಿ ಹಿಡಿದ ಗಂಡ, ಅವನ ತಲೆಯ ಮೇಲೆ ಆಳೆತ್ತರದ ಕನ್ನಡಿ. ಅವರ ಮನೆಯಲ್ಲಿ ಗಿರಾಕಿಗಳು ತಲೆ ಬಾಚಿಕೊಳ್ಳುತ್ತಿದ್ದ ಕನ್ನಡಿ ಅದು. ಓಣಿಯ ಆಕಾಶ, ಮಾಳಿಗೆ, ಕಾಗೆಗಳೆಲ್ಲ ಅದರಲ್ಲಿ ತಲೆಕೆಳಗಾಗಿ ಸಾಗಿಬಂದವು.

“ಪುಡಿ ಸಿಗಲಿಲ್ಲ. ಸೂರ್ಯಾನ್ನ ಕರ್ಕೊಂಡು ಬಂದೀನಿ” ಎಂದಳು.

ಗಂಡನನ್ನು ಕನ್ನಡಿಯ ಸಮೇತ ಮಾಳಿಗೆಗೆ ಹತ್ತಿಸಿದಳು. ಅವನು ಬೆಳಕಿಂಡಿಯ ಬಳಿ ಕೂತು ಕನ್ನಡಿಯನ್ನು ಮೊಣಕಾಲುಗಳ ನಡುವೆ ಹಿಡಿದ. ಬಿಸಿಲು ಕನ್ನಡಿಗೆ ಬಿದ್ದು, ಕಿಂಡಿಯಲ್ಲಿ ಓರೆಯಾಗಿ ಇಳಿದು, ಅಕ್ಕನ ಎದುರಿನ ಗೋಡೆಗೆ ಕಟ್ಟಿದ ಬಿಳಿ ಪಂಚೆಗೆ ಬಡಿಯಬೇಕು. ಅಲ್ಲಿಂದ ಅವಳ ಮುಖಕ್ಕೆ ಮರಳಬೇಕು. ಕನ್ನಡಿ ಹಿಡಿದವನಿಗೆ ಬೆಳಕು ಎಲ್ಲಿ ಬಿತ್ತೆಂದು ಕಾಣುವಂತಿಲ್ಲ. ಕೆಳಗಿನಿಂದ ನಾನೂ ಅವ್ವನೂ ಕೂಗುತ್ತಿದ್ದೆವು: “ಇನ್ನೊಂಚೂರು ಈ ಕಡೆರಿ!”

“ಈ ಕಡೆ ಅಂದ್ರ ಯಾವ ಕಡೆರಿ ಅವ್ವಾರ? ನನಗ ಎಲ್ಲಾ ಕಡೆನೂ ಒಂದ ಕಡೆ!” ಎಂದು ಮೇಲಿನಿಂದ ಅವನು.

“ಗುಡಿ ಕಡೆ ಹೊಳ್ಳಿಸ್ರಿ!” ಎಂದಳು ಆಯಿ. ಅವಳೂ ಮಾಳಿಗೆಯ ಮೇಲೇ ಇದ್ದಳು. ಇಂದು ಯಾರೂ ಮುಚ್ಚಬಾರದೆಂದು ತಗಡಿನ ಮುಚ್ಚಳವನ್ನು ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಿದ್ದಳು.

ಬೆಳಕು ಪಂಚೆಗೆ ಬಿತ್ತು. ಕೋಣೆಯೆಲ್ಲ ಹಾಲು ಚೆಲ್ಲಿದಂತಾಯಿತು. ಅಕ್ಕ ಕಣ್ಣು ಮುಚ್ಚಿಕೊಂಡು ಕೆಮ್ಮತೊಡಗಿದಳು. ಎಷ್ಟೋ ತಿಂಗಳು ಕತ್ತಲಲ್ಲಿದ್ದವಳಿಗೆ ಆ ಬೆಳಕು ತಡೆಯಲಾಗಲಿಲ್ಲ. ಫೋಟೋದವ್ವ ಕೂಡಲೇ ಮಾಳಿಗೆ ಹತ್ತಿ ಕನ್ನಡಿಗೆ ಕಂಬಳಿ ಹೊದಿಸಿದಳು. ಗಂಡನ ಕಾಲಿನ ಹೆಬ್ಬೆರಳಿಗೆ ಒಂದು ದಾರ ಕಟ್ಟಿ ಕಿಂಡಿಯಿಂದ ಕೆಳಗೆ ಬಿಟ್ಟಳು. ದಾರ ಎಳೆದಾಗ ಕಂಬಳಿ ಸರಿಸಬೇಕು, ಅಲ್ಲಿಯವರೆಗೆ ಅಲುಗಬಾರದು.

“ಕೂಗಿದ್ರ ಸಾಕಾಗೂದಿಲ್ಲೇನು?” ಎಂದ ಅವನು.

“ಕೂಗಿದ್ರ ಆಕಿ ಬೆದರತಾಳ. ಸುಮ್ನ ಕುಂಡ್ರಿ.”

ಕೆಳಗೆ ಬಂದು, ಟೊಪ್ಪಿಗೆ ತೆಗೆಯುವುದನ್ನೂ ಹಾಕುವುದನ್ನೂ ನನಗೆ ಹೇಳಿಕೊಟ್ಟಳು. ಆಮೇಲೆ ಅಕ್ಕನನ್ನು ಎಬ್ಬಿಸಿ ಕೂರಿಸಿ, ತಾನು ಅವಳ ಹಿಂದೆ ಕೂತು, ಮೇಲೆ ಒಂದು ಕಪ್ಪು ಶಾಲು ಹೊದ್ದುಕೊಂಡು ಗೋಡೆಯಂತಾದಳು. ಬಲಗೈ ಅಕ್ಕನ ಬೆನ್ನ ಮೇಲೆ. ಎಡಗೈಯಲ್ಲಿ ದಾರ.

“ತಂಗಿ, ಅಕ್ಕನ್ನ ನೋಡಬ್ಯಾಡ. ಬೆಳಕು ನೋಡು. ಬಿದ್ದ ಕೂಡ್ಲೆ ಟೊಪ್ಪಿಗಿ ತಗಿ” ಎಂದು ಶಾಲಿನೊಳಗಿನಿಂದ ಹೇಳಿದಳು.

ಕೆಮ್ಮು ನಿಲ್ಲಲಿಲ್ಲ. ನಿಂತಿತೆನ್ನುವಾಗ ಮತ್ತೆ ಬಂತು. ಸೂರ್ಯ ಮೇಲೇರುತ್ತಿದ್ದ, ಹೊಂದಿಸಿಟ್ಟ ಕನ್ನಡಿ ಈಗ ಎಲ್ಲಿಗೆ ತೋರುತ್ತಿದೆಯೋ ಯಾರಿಗೂ ಗೊತ್ತಿರಲಿಲ್ಲ. ಅವ್ವ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದಳು. ಅಕ್ಕ ಒಮ್ಮೆ, “ಸಾಕ್ರಿ, ನನಗ ಆಗವಲ್ದು” ಎಂದಳು. “ಆಗತೈತಿ. ನನ್ನ ಕೈಗೆ ಗೊತ್ತಾಗತೈತಿ. ಉಸಿರು ಕೆಳಗ ಇಳಿಲಿಕತ್ತೈತಿ ನೋಡು. ಇನ್ನೂ ಇಳಿಲಿ. ಬಸು ಎದುರಿಗೆ ಬಂದು ನಿಂತಾನ ಅನಕೊ” ಎಂದಳು ಫೋಟೋದವ್ವ. ಅಕ್ಕ ಕಣ್ಣು ತೆರೆದಳು.

ಯಾವ ಗಳಿಗೆಯಲ್ಲಿ ದಾರ ಎಳೆದಳೋ ನನಗೆ ಕಾಣಲಿಲ್ಲ. ಬೆಳಕು ಬಿತ್ತು. ಪಂಚೆಯ ಮೇಲೆ ಸರಿಯಾಗಿ ಬಿತ್ತು. ಕಂಬಳಿಯ ಹಿಂದೆ ಕೂತು ಅವನು ಬಿಸಿಲಿನ ಕಾವಿನಿಂದಲೇ ತಿಳಿದು ಕನ್ನಡಿಯನ್ನು ಸೂರ್ಯನ ಜೊತೆ ಹೊರಳಿಸುತ್ತಿದ್ದನೋ, ಇಲ್ಲ ದೇವರೇ ಹೊರಳಿಸಿದನೋ. ನಾನು ಟೊಪ್ಪಿಗೆ ತೆಗೆದೆ, ಹಾಕಿದೆ. ಅಷ್ಟರಲ್ಲಿ ಅಕ್ಕ ಮತ್ತೆ ಕೆಮ್ಮುತ್ತಿದ್ದಳು.

ಫೋಟೋ ಬಂತು. ಅಕ್ಕನ ಮುಖ ಪೂರ್ತಿ ಬಂದಿತ್ತು. ಬಡವಾಗಿದ್ದಳು, ಆದರೆ ಕಣ್ಣುಗಳು ಯಾರನ್ನೋ ನೋಡುತ್ತಿದ್ದವು. ಆದರೆ ಅವಳ ಕಂಕುಳ ಹತ್ತಿರ, ಹಸಿರು ಸೀರೆಯ ಮೇಲೆ, ಹಿಂದಿನಿಂದ ಬಂದ ಮೂರು ಬೆರಳುಗಳೂ ಬಂದಿದ್ದವು. ಅದರಲ್ಲಿ ಒಂದಕ್ಕೆ ಉಗುರಿರಲಿಲ್ಲ. ಬೆನ್ನ ಮೇಲಿದ್ದ ಕೈ ಅಕ್ಕ ಜಾರುವಾಗ ಮುಂದೆ ಬಂದಿತ್ತು.

“ಇದೊಂದು ಕೆಟ್ಟೈತಿ. ಫೋಟೋ ಮೂಡಿದ ಗಾಜಿನ ಮ್ಯಾಲ ಕೆರದು ತಗದು ಇನ್ನೊಂದು ಮಾಡಿ ಕೊಡ್ತೀನಿ” ಎಂದಳು ಫೋಟೋದವ್ವ. ಗೊಂಬೆಗೆ ಕಣ್ಣು ಬರೆದವಳಿಗೆ ಅದು ದೊಡ್ಡ ಕೆಲಸವಾಗಿರಲಿಲ್ಲ.

ಅಕ್ಕ ಫೋಟೋವನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. “ಇರ್ಲಿ ಬಿಡ್ರಿ” ಎಂದಳು. “ಕೈ ತಗದ್ರ ನಾ ಬೀಳತೀನಿ.”

ಮಹಾನವಮಿಗೆ ಮೊದಲೇ ಅಕ್ಕ ಹೋದಳು. ಅಪ್ಪ ಫೋಟೋವನ್ನು ಕಟ್ಟು ಹಾಕಿಸಿ ಕುಷ್ಟಗಿಗೆ ಕೊಟ್ಟುಬಂದ. ಅದನ್ನು ಗೋಡೆಗೆ ಹಾಕಿದರೋ ಟ್ರಂಕಿನಲ್ಲಿಟ್ಟರೋ ಕೇಳುವ ಧೈರ್ಯ ನಮಗಿರಲಿಲ್ಲ. ಭಾವನ ಲಗ್ನವಾಯಿತು. ಫೋಟೋದವ್ವನಿಗೆ ಆಮೇಲೆ ಪುಡಿ ಸಿಗಲೇ ಇಲ್ಲ. ಕನ್ನಡಿ ಹೊತ್ತು ಎಲ್ಲರ ಮಾಳಿಗೆ ಹತ್ತಲು ಜನ ಬಿಡಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಗಂಡ ತೀರಿಕೊಂಡ. ಆಕೆ ಕ್ಯಾಮೆರಾ ಮಾರಿ ಕಿನ್ನಾಳಕ್ಕೆ ಹೋದಳೆಂದು ಕೇಳಿದ್ದೆವು. ಹೋಗಿ ನೋಡಲಿಲ್ಲ. ಹತ್ತಿರದ ಊರು, ಯಾವಾಗಲಾದರೂ ಹೋದರಾಯಿತು ಎಂದುಕೊಂಡಿದ್ದೆವು.

ಮೊನ್ನೆ ಗುರುವಾರ ಅಪ್ಪನ ಜೊತೆ ಕುಷ್ಟಗಿಗೆ ಹೋಗಿದ್ದೆ. ಬಸು ಈಗ ಸಾಲೆಗೆ ಹೋಗುತ್ತಾನೆ. ಫೋಟೋ ಪಡಸಾಲೆಯ ಗೋಡೆಯ ಮೇಲಿತ್ತು. ಅವನ ಈಗಿನ ತಾಯಿ ಅದನ್ನು ದಿನಾ ಒರೆಸುತ್ತಾಳೆಂದು ಗಾಜಿನಿಂದಲೇ ತಿಳಿಯುತ್ತಿತ್ತು. ನಾನು ಅದರ ಎದುರು ನಿಂತಿದ್ದಾಗ ಬಸು ಬಂದು ಪಕ್ಕದಲ್ಲಿ ನಿಂತ. ಅವನು ಏನು ಕೇಳಬಾರದೆಂದು ಅಕ್ಕ ಬಯಸಿದ್ದಳೋ ಅದನ್ನೇ ಕೇಳಿಬಿಡುತ್ತಾನೆಂದು ಹೆದರಿದೆ.

ಅವನು ತುದಿಗಾಲಲ್ಲಿ ನಿಂತು ಉಗುರಿಲ್ಲದ ಬೆರಳನ್ನು ಮುಟ್ಟಿದ.

“ಚಿಗವ್ವಾ, ನಮ್ಮವ್ವನ್ನ ಹಿಡಕೊಂಡಾರಲ್ಲಾ,” ಎಂದ, “ಇವ್ರು ಯಾರು?”